ಕೆರೆಗೆ ಬಿಟ್ಟ ಬೀಜ

ಸರೋಜತ್ತೆಗೆ ಹೂವಿನ ಹುಚ್ಚಿತ್ತು, ಆಮೇಲೆ ತಾನೇ ಬೇಜಾರಾಗಿ ಬಿಟ್ಟಳು ಎಂದು ನಮ್ಮ ಬಂಧುಗಳೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊನ್ನೆ ಅರಸೀಕೆರೆಯ ನೆಂಟರ ಹೊಸ ಮನೆಯಲ್ಲಿ, ಟೀವಿ ಪಕ್ಕದ ಹೂದಾನಿಯಲ್ಲಿದ್ದ ಒಣಹೂಗಳನ್ನು ನೋಡಿ ದೊಡ್ಡಪ್ಪ, "ಪರವಾಗಿಲ್ವೇ, ವರ್ಷಗಟ್ಟಲೆ ಇರುತ್ತಂತೆ" ಎಂದು ಮೆಚ್ಚಿಕೊಂಡರು. ಅದರ ಹಿಂದೆಯೇ ಈ ಹಳೆಯ ಕತೆಯೂ ಹೊರಬಂತು. ನಾನು ಹೋಳಿಗೆಯ ತಟ್ಟೆ ಪಕ್ಕಕ್ಕಿಟ್ಟೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವಳು ನಾನು. ಅದರ ಫಲವನ್ನು ಮನೆಯವರು ಇವತ್ತಿಗೂ ಅನುಭವಿಸುತ್ತಿದ್ದಾರೆ. ಈ ಸಲ ತೀರ್ಪು ನಿಮ್ಮದು.

ಸರೋಜತ್ತೆ ಅಪ್ಪನ ತಂಗಿ, ಶಾಲೆಯಲ್ಲಿ ಟೀಚರು. ಹಳೇಬೀಡಿನ ನಮ್ಮ ಮನೆಯ ಹಿತ್ತಲಲ್ಲಿ ಮಳೆ ಹಿಂದೆಗೆದ ಮೇಲೆ ಮಣ್ಣು ಹದ ಮಾಡಿ, ಒಣಗಿದರೂ ಬಣ್ಣ ಮಾಸದ, ಕಾಗದದಂಥ ಎಸಳಿನ ಪೇಪರ್ ಹೂವಿನ ಬೀಜವನ್ನು ಮರಳಿನಲ್ಲಿ ಬೆರೆಸಿ ಉದುರಿಸುತ್ತಿದ್ದಳು. ಪಕ್ಕದಲ್ಲಿ ಯಾರಾದರೂ ಸೀನಿದರೆ ಹಾರಿಹೋಗುವಷ್ಟು ಹಗುರ ಆ ಬೀಜ. ಹೂವನ್ನು ಅರೆಬಿರಿದಾಗಲೇ ಕತ್ತರಿಸುತ್ತಿದ್ದಳು. ಯಾಕೆಂದು ನಾನು ವಾದಕ್ಕಿಳಿದರೆ, "ಪೂರ್ತಿ ಅರಳೋಕೆ ಬಿಟ್ರೆ ಒಣಗಿದ ಮೇಲೂ ಬಾಯ್ಬಿಟ್ಕೊಂಡೇ ಇರುತ್ತೆ ಕಣೇ, ನಿನ್ನ ಥರ" ಎನ್ನುತ್ತಿದ್ದಳು. ಕತ್ತರಿಸಿದ್ದನ್ನು ಗೊಂಚಲು ಕಟ್ಟಿ ಅಟ್ಟದ ಕತ್ತಲಲ್ಲಿ ತಲೆಕೆಳಗಾಗಿ ತೂಗುಹಾಕುವುದು. ಎಲ್ಲಕ್ಕಿಂತ ಗಾಢ ಬಣ್ಣದ ಗಿಡವೊಂದನ್ನು ಮಾತ್ರ ಬೀಜಕ್ಕೆ ಬಿಟ್ಟು, ಬಲಿತ ಮೇಲೆ ಅದನ್ನೂ ಅಲ್ಲೇ ತೂಗುಹಾಕುವುದು. ಹೀಗೆ ವರ್ಷ ವರ್ಷ ಆರಿಸಿ ಆರಿಸಿ, ಒದ್ದೆ ಕುಂಕುಮದಂಥ ಬಣ್ಣವೊಂದನ್ನು ಅವಳು ತೆಗೆದಿದ್ದಳು. ಅದು ಬೇರೆ ಯಾರ ಹಿತ್ತಲಲ್ಲೂ ಇರಲಿಲ್ಲ.

ದೊಡ್ಡಪ್ಪ ದೇವಸ್ಥಾನದ ಪೂಜೆಯವರು. ಅವರ ಪ್ರಕಾರ ಹೂವಿಗೆ ಇರುವುದು ಎರಡೇ ಜಾಗ, ದೇವರ ಮೇಲೆ ಇಲ್ಲವೇ ಮುಡಿಯಲ್ಲಿ. ಒಣಗಿದರೆ ಅದು ನಿರ್ಮಾಲ್ಯ. ಕಾಲಿಗೆ ಸಿಕ್ಕಬಾರದು, ನೀರಿಗೆ ಬಿಡಬೇಕು. ಅದೊಂದು ವರ್ಷ ಮನೆಗೆ ಸುಣ್ಣ ಬಳಿಸಿದರು. ಭಾನುವಾರ ಕೆಲಸ ಮುಗಿದಾಗ ಅತ್ತೆ ತಾನೇ ಇಳಿಸಿಟ್ಟಿದ್ದ ಗೊಂಚಲುಗಳನ್ನು ಮತ್ತೆ ಅಟ್ಟಕ್ಕೆ ಕಟ್ಟಿದಳು. ಸೋಮವಾರ ಅವಳು ಶಾಲೆಗೆ ಹೋದ ಮೇಲೆ ದೊಡ್ಡಪ್ಪ ಮಡಿಯುಟ್ಟು, ಎಲ್ಲವನ್ನೂ ಹರಿವಾಣದಲ್ಲಿಟ್ಟು, ಭಕ್ತಿಯಿಂದ ಕೆರೆಗೆ ಬಿಟ್ಟು ಬಂದರು. ಕಸಕ್ಕೆ ಎಸೆದಿದ್ದರೂ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ. ಕಸದಿಂದ ಬೀಜವನ್ನಾದರೂ ಆರಿಸಬಹುದಿತ್ತು.

ಸಂಜೆ ಅತ್ತೆಯ ಜೊತೆ ನಾನೂ ಕೆರೆಯ ಏರಿಗೆ ಓಡಿದೆ. ಪೇಪರ್ ಹೂ ಒದ್ದೆಯಾದರೆ ಮತ್ತೆ ಮೊಗ್ಗಿನಂತೆ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿಕೊಂಡು ತೇಲುತ್ತಿದ್ದವನ್ನು ಕೋಲಿನಿಂದ ಎಳೆದು ತಂದೆವು. ಬೀಜವೆಲ್ಲ ತೊಳೆದುಹೋಗಿತ್ತು. ನಾನು ಅಂಗಡಿಯಿಂದ ಹೊಸ ಬೀಜದ ಪ್ಯಾಕೆಟ್ ತಂದುಕೊಟ್ಟರೆ, "ಅದು ನನ್ನ ಬಣ್ಣ ಅಲ್ಲ" ಎಂದಳು. ಹಿತ್ತಲಿಗೆ ಮತ್ತೆ ಇಳಿಯಲಿಲ್ಲ. ಇದಕ್ಕೆ ನಮ್ಮವರು ಇಟ್ಟಿರುವ ಹೆಸರು ಬೇಜಾರು.

ದೊಡ್ಡಪ್ಪ ತಿಳಿಯದೆ ಮಾಡಿದರು ಎಂದೇ ನಾನೂ ಇಷ್ಟು ವರ್ಷ ನಂಬಿದ್ದೆ. ಒಣಹೂವೆಂದರೆ ನಿರ್ಮಾಲ್ಯ ಎನ್ನುವ ಅವರೇ ಮೊನ್ನೆ ಆ ಹೂದಾನಿಯ ಮುಂದೆ ತಲೆದೂಗಿದಾಗ ನಂಬಿಕೆ ಅಲ್ಲಾಡಿತು. ಪಕ್ಕದಲ್ಲಿ ಕೂತಿದ್ದ ಅತ್ತೆ, "ಸುಮ್ನಿರೇ" ಎಂದು ನನ್ನ ಮೊಣಕೈ ಹಿಡಿದಳು. ನಾನು ಸುಮ್ಮನಿರಲಿಲ್ಲ.

"ದೊಡ್ಡಪ್ಪ, ಸುಣ್ಣ ಬಳಿಸಿದ ಭಾನುವಾರ ಪೂರ್ತಿ ಅತ್ತೆ ಮನೇಲೇ ಇದ್ದಳಲ್ಲ, ಅವತ್ತೇ ಯಾಕೆ ಹೂವನ್ನ ಕೆರೆಗೆ ಬಿಡಲಿಲ್ಲ ನೀವು?"