ಅಜ್ಜಿ ಕೊಡುತ್ತೇನೆಂದ ಕಣ್ಣು

ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರಿಗೂ ತಿಂಡಿ ಇಲ್ಲ. ಅದು ಅಪ್ಪನ ಕಟ್ಟಳೆ. ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದರ ಕಪ್ಪು ಮೈಮೇಲೆ ದೀಪದ ಬೆಳಕು ಮಿನುಗುವ ಚುಕ್ಕಿಯನ್ನೇ ರೆಪ್ಪೆ ಬಡಿಯದೆ ನೋಡುತ್ತ ಕೂರಬೇಕು. ಅಡುಗೆಮನೆಯಿಂದ ಉಪ್ಪಿಟ್ಟಿನ ವಾಸನೆ ಬರುವಾಗ ಹಾಗೆ ಕೂರುವುದು ಎಷ್ಟು ಕಷ್ಟ ಎನ್ನುವುದು ಕೂತವರಿಗೇ ಗೊತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪಿಯುಸಿ ಓದುತ್ತಿದ್ದೆ. ನಾವು ತಿಪಟೂರಿನ ಕಡೆಯಿಂದ ಬಂದು ಜಯನಗರದಲ್ಲಿ ನೆಲೆಸಿದವರು, ಅಪ್ಪನಿಗೆ ನಾಲ್ಕನೇ ಬ್ಲಾಕಿನಲ್ಲಿ ಬಟ್ಟೆ ಅಂಗಡಿ ಇತ್ತು. ಒಂದು ಬೆಳಿಗ್ಗೆ ಪೂಜೆ ಮುಗಿದ ಮೇಲೆ ನಾನು ಸುಮ್ಮನೆ ಇರಲಾರದೆ ಹೇಳಿದೆ, "ಅಪ್ಪ, ನಂಗೆ ಒಂದು ಚುಕ್ಕಿ ಕಾಣಲ್ಲ. ಐದಾರು ಕಾಣ್ತವೆ. ಒಂದೊಂದಕ್ಕೂ ಬಾಲ ಇದೆ, ಕೆಳಗೆ ಸುರಿಯೋ ಹಾಗೆ."

ಅಪ್ಪ ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಕೆಳಗಿಟ್ಟರು. ಅವರ ಕಣ್ಣಲ್ಲಿ ನೀರು ಬಂತು. ಅವರು ಮೀಸೆ ಬಂದ ದಿನದಿಂದ ತಪ್ಪದೆ ಕೂತವರು, ಅವರಿಗೆ ಆವತ್ತಿಗೂ ಒಂದೇ ಚುಕ್ಕಿ. ಮಗಳಿಗೆ ಈ ವಯಸ್ಸಿಗೇ ಬೆಳಕು ಒಡೆದು ಸುರಿಯುತ್ತಿದೆ ಎಂದರೆ ಅದು ಶಿವನ ಕೃಪೆಯಲ್ಲದೆ ಇನ್ನೇನು? ಬೀದಿ ದೀಪವೂ ನನಗೆ ಹಾಗೇ ಕಾಣುತ್ತದೆ, ಬಸ್ಸಿನ ಹೆಡ್‌ಲೈಟೂ ಹಾಗೇ ಎಂದು ನಾನು ಹೇಳಿದೆ. "ಒಳಗಿನ ಬೆಳಕು ಬಲಿತ್ರೆ ಹೊರಗೂ ಹಂಗೇ ಕಾಣ್ತದೆ ಮಗಳೇ" ಎಂದರು. ಅಂಗಡಿಗೆ ಬಂದವರಿಗೆ ಸೀರೆ ಹರಡುತ್ತ ಇದನ್ನೂ ಹೇಳಿದರು. ಪ್ರತಿ ಸೋಮವಾರ ಯಡಿಯೂರಿನಿಂದ ಕೆಲವು ಹೆಂಗಸರು ಬಂದು ನಾನು ಪೂಜೆಗೆ ಕೂರುವುದನ್ನು ನೋಡಿ ಕೈಮುಗಿದು ಹೋಗತೊಡಗಿದರು. ಲೆಕ್ಕದ ಪರೀಕ್ಷೆಯಲ್ಲಿ ಬೋರ್ಡು ಕಾಣದೆ ಪಕ್ಕದವಳನ್ನು ಕೇಳಿ ಬೈಸಿಕೊಂಡ ಹುಡುಗಿ ನಾನು. ನನಗೆ ನಗು ಬರುತ್ತಿತ್ತು, ಸುಳ್ಳೇಕೆ, ಹೆಮ್ಮೆಯೂ ಆಗುತ್ತಿತ್ತು.

ನಂಬದೆ ಇದ್ದವಳು ಅಪ್ಪನ ತಾಯಿ, ನನ್ನ ಅಜ್ಜಿ, ಒಬ್ಬಳೇ. ಅವಳ ಕಣ್ಣು ಎಷ್ಟು ಚುರುಕೆಂದರೆ ರಾಗಿಯಲ್ಲಿ ಸಾಸಿವೆ ಬಿದ್ದರೂ ಆರಿಸುತ್ತಿದ್ದಳು. ಒಂದು ದಿನ ನಾನು ಬಸ್ಸಿನ ನಂಬರು ತಪ್ಪಾಗಿ ನೋಡಿ ಬನಶಂಕರಿಗೆ ಹೋಗುವ ಬದಲು ಇನ್ನೆಲ್ಲಿಗೋ ಹೋಗಿ ಕತ್ತಲಾಗುವಾಗ ಅಳುತ್ತ ಮನೆಗೆ ಬಂದೆ. ಅಜ್ಜಿ ಅಪ್ಪನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಶಿವ ಬಂದ್ನೋ ಇಲ್ವೋ ನಾ ಕಾಣೆ. ಮಗೀಗೆ ಬಸ್ಸು ಕಾಣ್ತಿಲ್ಲ ಕಣೋ. ಮೊದ್ಲು ಕಣ್ಣು ತೋರ್ಸು" ಎಂದಳು.

ಕಣ್ಣಿನ ಡಾಕ್ಟರು ನಿಧಾನದ ಮನುಷ್ಯ. ಕಪ್ಪು ಬಿಳಿ ಬಳೆಗಳನ್ನು ಒಂದರೊಳಗೊಂದು ಬರೆದ ಒಂದು ತಟ್ಟೆಯನ್ನು ನನ್ನ ಮುಖದ ಮುಂದೆ ಹಿಡಿದು, ಅದರ ನಡುವಿನ ತೂತಿನಿಂದ ನನ್ನ ಕಣ್ಣಲ್ಲಿ ಬಿದ್ದ ಬಳೆಗಳ ಬಿಂಬವನ್ನು ನೋಡಿದರು. ಆಮೇಲೆ ಅಪ್ಪನನ್ನೂ ಕರೆದು ತೋರಿಸಿದರು. ಒಳ್ಳೆಯ ಕಣ್ಣಿನಲ್ಲಿ ಆ ಬಳೆಗಳು ದುಂಡಗೆ ಕಾಣಬೇಕಂತೆ. ನನ್ನ ಕಣ್ಣಿನಲ್ಲಿ ಅವು ಮೊಟ್ಟೆಯ ಆಕಾರಕ್ಕೆ ಎಳೆದುಕೊಂಡು ಕೆಳಗಡೆ ಒತ್ತಿಕೊಂಡಿದ್ದವು. ನನ್ನನ್ನು ನೆಲ ನೋಡಲು ಹೇಳಿ, ಕೆಳರೆಪ್ಪೆ ಮಧ್ಯದಲ್ಲಿ ಮೊನಚಾಗಿ ಮುಂದೆ ತಳ್ಳಿಕೊಂಡಿರುವುದನ್ನು ತೋರಿಸಿದರು. ಕಾಯಿಲೆಯ ಹೆಸರು ಕೆರಟೋಕೋನಸ್ ಎಂದರು.

ಅಪ್ಪನ ಕಸುಬು ಗೊತ್ತಿದ್ದರಿಂದಲೋ ಏನೋ, ಡಾಕ್ಟರು ಬಟ್ಟೆಯ ಮಾತಲ್ಲೇ ಹೇಳಿದರು. "ಕರಿಗುಡ್ಡೆ ಮುಂದೆ ಗಡಿಯಾರದ ಗಾಜಿನ ಥರ ಒಂದು ಪದರ ಇರುತ್ತೆ ಸಾರ್, ಕಾರ್ನಿಯಾ ಅಂತ. ಅದರಲ್ಲಿ ರಕ್ತನಾಳ ಇಲ್ಲ, ಬರೀ ಸಣ್ಣ ಸಣ್ಣ ಎಳೆ, ನೇಯ್ದ ಹಾಗೆ. ಇವಳಿಗೆ ಆ ನೇಯ್ಗೆ ಸಡಿಲ ಆಗ್ತಿದೆ. ಮಧ್ಯ ತೆಳ್ಳಗಾಗಿದೆ. ಒಳಗಿನ ಒತ್ತಡಕ್ಕೆ ಹಳೇ ಪ್ಯಾಂಟು ಮಂಡಿ ಹತ್ರ ಉಬ್ಬುತ್ತಲ್ಲ, ಹಾಗೆ ಉಬ್ಬಿದೆ."

"ಯಾಕೆ ಸಡಿಲ ಆಯ್ತು?"

"ಗೊತ್ತಿಲ್ಲ ಸಾರ್. ಕಣ್ಣು ಉಜ್ಜಬಾರದು. ಉಜ್ಜಿದ್ರೆ ಇನ್ನೂ ಕೆಡುತ್ತೆ. ಅಷ್ಟು ಹೇಳಬಲ್ಲೆ."

ಅಪ್ಪ, "ಪೂಜೇಲಿ ಅವಳಿಗೆ ಬೆಳಕು ಐದಾರಾಗಿ ಕಾಣ್ತಿತ್ತು" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಗಾಜು ಸೊಟ್ಟ ಆದ್ರೆ ಬೆಳಕೂ ಸೊಟ್ಟ ಬೀಳುತ್ತೆ. ಅಷ್ಟೇ" ಎಂದರು ಡಾಕ್ಟರು. ನಮ್ಮ ಮನೆಯ ಸೋಮವಾರಗಳ ಸಂಗತಿ ಅವರಿಗೆ ಏನೂ ತಿಳಿಯದು, ಪಾಪ. ಮನೆಯವರೆಗೂ ಅಪ್ಪ ನನ್ನ ಕಡೆ ತಿರುಗಲಿಲ್ಲ. ಮುಂದಿನ ಸೋಮವಾರ ಬಂದ ಹೆಂಗಸರಿಗೆ ಮಗಳಿಗೆ ಮೈ ಸರಿಯಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು.

ಕನ್ನಡಕ ಹಾಕಿದರೂ ಪ್ರಯೋಜನವಾಗಲಿಲ್ಲ. ಕರಿಗುಡ್ಡೆಯ ಮೇಲೇ ಕೂರುವ ಗಟ್ಟಿ ಲೆನ್ಸ್ ಹಾಕಿದರು. ಅದು ಕೂತಾಗ ಮಾತ್ರ ಲೋಕ ಒಂದೊಂದೇ ಆಗಿ ಕಾಣುತ್ತಿತ್ತು, ಅಪ್ಪನ ಅಂಗಡಿಯ ಬೋರ್ಡಿನ ಕೊನೆಯ ಸಾಲನ್ನೂ ಓದಿದ್ದೆ. ಆದರೆ ಪಕ್ಕದ ಜೆ.ಪಿ. ನಗರದಲ್ಲಿ ಆಗ ಮನೆಗಳು ಏಳುತ್ತಿದ್ದ ಕಾಲ, ಗಾಳಿಯಲ್ಲಿ ಬರೀ ದೂಳು. ಒಂದು ಕಣ ಒಳಗೆ ಹೋದರೆ ಪ್ರಾಣ ಹೋದ ಹಾಗೆ. ಉಬ್ಬು ಹೆಚ್ಚಾದಂತೆ ಲೆನ್ಸ್ ಕೂರುವುದನ್ನೇ ಬಿಟ್ಟು, ಕಣ್ಣು ಮಿಟುಕಿಸಿದರೆ ಹಾರಿ ಬೀಳುತ್ತಿತ್ತು. ಅಪ್ಪ, ಅಮ್ಮ, ಅಜ್ಜಿ ಮೂವರೂ ರೆಡ್ ಆಕ್ಸೈಡ್ ನೆಲದ ಮೇಲೆ ಅಂಬೆಗಾಲಿಟ್ಟು ಅದನ್ನು ಹುಡುಕುವರು. ಪ್ರತಿ ಸಲವೂ ಸಿಕ್ಕಿದ್ದು ಅಜ್ಜಿಗೇ.

ಒಂದು ಬೆಳಿಗ್ಗೆ ಬಲಗಣ್ಣು ಚುಚ್ಚಿದಂತಾಗಿ ನೀರು ಸುರಿಯತೊಡಗಿತು. ಕನ್ನಡಿಯ ಹತ್ತಿರ ಹೋಗಿ ಎಡಗಣ್ಣಿನಿಂದ ನೋಡಿದೆ. ಕರಿಗುಡ್ಡೆ ಹಾಲು ಬಿದ್ದ ಹಾಗೆ ಬೆಳ್ಳಗಾಗಿತ್ತು. ಕಾರ್ನಿಯಾದ ಒಳಪೊರೆ ಹಿಗ್ಗಿ ಹಿಗ್ಗಿ ಕೊನೆಗೆ ಸೀಳಿ, ಕಣ್ಣಿನ ಒಳಗಿನ ನೀರು ಪದರಗಳಿಗೆ ನುಗ್ಗಿದೆ ಎಂದರು ಡಾಕ್ಟರು. ಹನಿ ಬಿಟ್ಟುಕೊಂಡು ಕಾಯುವುದೊಂದೇ ದಾರಿ. ಕೆಲವು ತಿಂಗಳಲ್ಲಿ ನೀರೇನೋ ಇಳಿಯಿತು, ಆದರೆ ನಡುವೆ ಕಲೆ ಉಳಿಯಿತು. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ನನ್ನ ಕಣ್ಣು ನನ್ನ ಮುಂದೆಯೇ ಹಾಳಾಗುತ್ತಿದೆ, ತಡೆಯಲು ನನಗಾಗಲೀ ಡಾಕ್ಟರಿಗಾಗಲೀ ಒಂದು ಉಪಾಯವೂ ಇಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ನಾನು ಎಲ್ಲರ ಮೇಲೂ ರೇಗುತ್ತಿದ್ದೆ.

ಇನ್ನು ಉಳಿದಿದ್ದು ಕಸಿ. ಸತ್ತವರ ಕಣ್ಣಿನ ಕಾರ್ನಿಯಾ ತೆಗೆದು ನನಗೆ ಹೊಲಿಯಬೇಕು. ಕೊಡುವವರು ಬಹಳ ಕಡಿಮೆ, ಸತ್ತ ಕೆಲವೇ ಗಂಟೆಯಲ್ಲಿ ತೆಗೆಯಬೇಕು, ನಿಮ್ಮ ಮನೆಯಲ್ಲೇ ಯಾರಾದರೂ ಸತ್ತ ಮೇಲೆ ಕೊಡುತ್ತೇನೆಂದು ಒಪ್ಪಿದರೆ ಒಳ್ಳೆಯದು ಎಂದರು ಡಾಕ್ಟರು. ಅಪ್ಪ ಅದನ್ನು ಮನೆಗೆ ಬಂದು ಹೇಳಿದಾಗ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು.

"ನಂದು ತಗೊಳ್ಳಿ" ಎಂದಳು. "ಹಲ್ಲಿದ್ದೋರಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋರಿಗೆ ಹಲ್ಲಿಲ್ಲ ಅನ್ನಂಗೆ, ಓದೋ ಮಗೀಗೆ ಕಣ್ಣಿಲ್ಲ, ಅಕ್ಷರ ಬರದ ಮುದುಕಿಗೆ ಇಷ್ಟು ಚೆಂದದ್ದು."

"ಅವ್ವ, ಗುಂಡೀಲಿ ಕೂರ್ಸಿದಾಗ ಲಿಂಗ ನೋಡೋದು ಹೆಂಗೆ?" ಎಂದರು ಅಪ್ಪ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸಮಾಧಿಯಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ.

"ಅವನಿಗೆ ನಾನು ಕಂಡ್ರೆ ಸಾಕು ಬಿಡು" ಎಂದಳು ಅಜ್ಜಿ, ಮತ್ತೆ ಅವರೆಕಾಯಿಗೆ ಕೈಹಾಕಿದಳು. ಅಪ್ಪ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಮರುದಿನವೇ ಡಾಕ್ಟರಿಗೆ ತಿಳಿಸಿದರು.

ಅಜ್ಜಿ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡಳು. ಬೆಳಿಗ್ಗೆ ಸ್ನಾನ ಮಾಡಿ ಬಂದು ಗೋಡೆಗೆ ಒರಗಿದವಳು ಹಾಗೇ ಹೋಗಿಬಿಟ್ಟಳು. ಅಪ್ಪ ಅಳುತ್ತಲೇ ಎದುರು ಮನೆಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದರು. ಅವರ ಕಡೆಯವರು ಐಸ್ ಡಬ್ಬಿ ಹಿಡಿದು ಬರುವ ಹೊತ್ತಿಗೆ ಸಾರಕ್ಕಿಯಿಂದ ದೊಡ್ಡಪ್ಪ, ಅಪ್ಪನ ಅಣ್ಣ, ಬಂದಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ನಾನು ಅವತ್ತು ನೋಡಿದೆ.

"ಅವ್ವನ ಕಣ್ಣು ಕೀಳ್ತೀಯಾ?" ಎಂದರು ದೊಡ್ಡಪ್ಪ. "ಜೀವ ಇರೋವರ್ಗೂ ಲಿಂಗ ನೋಡಿದೋಳು. ಈಗ ಕುರುಡಿ ಮಾಡಿ ಕೂರ್ಸ್ತೀಯಾ?"

"ಅಣ್ಣ, ಅವ್ವನೇ ಹೇಳಿದ್ಲು."

"ಮುದುಕಿ ಮೊಮ್ಮಗಳ ಮುಖ ನೋಡಿ ಏನೋ ಅಂದಿರ್ತಾಳೆ. ಬುದ್ಧಿ ನಿಂಗಿರ್ಬೇಕು. ಹಂಗೆ ಮಾಡಂಗಿದ್ರೆ ನಾನು ಹೆಗಲು ಕೊಡಲ್ಲ, ನಮ್ಮೋರು ಯಾರೂ ಕೊಡಲ್ಲ."

ನಾನು ಬಾಗಿಲ ಮರೆಯಲ್ಲಿದ್ದೆ. ಅಜ್ಜಿ ಹಾಗಂದಿದ್ದು ನಿಜ ಎಂದು ಕೂಗಬೇಕೆನಿಸಿತು. ಆದರೆ ಆ ಕಣ್ಣು ಬೇಕಾಗಿದ್ದು ನನಗೇ. ನನ್ನ ಸಾಕ್ಷಿಗೆ ಏನು ಬೆಲೆ? ಒಳಗೆ ಅಜ್ಜಿ ತಣ್ಣಗಾಗುತ್ತಿದ್ದಳು, ಹೊತ್ತು ಏರುತ್ತಿತ್ತು. ಅಪ್ಪ ಅಣ್ಣನನ್ನು ನೋಡಿದರು, ನನ್ನ ಕಡೆ ತಿರುಗಿದರು, ಆಮೇಲೆ ಗೇಟಿನ ಹತ್ತಿರ ಹೋಗಿ ಆ ಡಬ್ಬಿಯವರಿಗೆ ಕೈಮುಗಿದರು. ಅವರು ಹೊರಟುಹೋದರು.

ಮಧ್ಯಾಹ್ನ ಅಜ್ಜಿಯನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿದರು. ಎತ್ತುವ ಮುಂಚೆ "ಕೊನೇ ಸಲ ಮುಖ ನೋಡ್ಕೊಳ್ಳಿ" ಎಂದು ಎಲ್ಲರನ್ನೂ ಕರೆದರು. ಒಬ್ಬೊಬ್ಬರೇ ಹೋಗಿ ನೋಡಿ ಅತ್ತು ಈಚೆ ಬಂದರು. ನಾನು ಉಸಿರು ತಾಗುವಷ್ಟು ಹತ್ತಿರ ಹೋದೆ. ವಿಭೂತಿಯ ಬಿಳುಪು, ಹೂವಿನ ಹಳದಿ, ಒಂದರ ಮೇಲೊಂದು ಜಾರಿದ ನೆರಳುಗಳು ಕಂಡವು. ಮುಖ ಕಾಣಲಿಲ್ಲ.

"ಕಾಣ್ತಾ ಮಗಳೇ?" ಎಂದರು ಅಪ್ಪ, ಪಕ್ಕದಲ್ಲೇ ನಿಂತು.

"ಹ್ಞೂಂ ಅಪ್ಪ" ಎಂದೆ.

ಅಪ್ಪ ನನ್ನ ಕೈ ಹಿಡಿದು ಅಜ್ಜಿಯ ಮುಖದ ಮೇಲಿಟ್ಟರು. ಕೆನ್ನೆ, ಮೂಗುಬೊಟ್ಟು, ಹುಬ್ಬು ಮುಟ್ಟಿದೆ. ಬೆರಳು ರೆಪ್ಪೆಯ ಮೇಲೆ ನಿಂತಿತು. ನನ್ನ ಕಣ್ಣು ರೆಪ್ಪೆಯ ಒಳಗಿಂದಲೇ ಮೊನಚಾಗಿ ಬೆರಳಿಗೆ ತಾಗುತ್ತದೆ. ಅಜ್ಜಿಯದು ದುಂಡಗೆ, ನುಣ್ಣಗೆ ಇತ್ತು. ಸಂಜೆಗೆ ಅದನ್ನು ಮಣ್ಣು ಮಾಡಿ ಬಂದರು.