ಖಾಲಿ ಬಿಡದ ಸಾಲು

ಕಲ್ಯಾಣಿ, ನಿನ್ನ ರಾಗಿ ಸಾಲುಗಳಲ್ಲಿ ನನ್ನ ಪೈರು ನೆಟ್ಟವಳು ನಾನೇ. ನೀನು ಕೇಳಿದಾಗ ಇಲ್ಲ ಎಂದೆ. ಅದು ಸುಳ್ಳು.

ತೊಂಬತ್ತನೇ ಇಸವಿಯ ಈಚಿನ ಮಾತು. ನೀನು ಸೇಲಂನ ಹುಡುಗಿ, ಓದಿದವಳು. ಮಾರಂಡಹಳ್ಳಿಯ ಪಕ್ಕದ ನನ್ನ ಹೊಲದಲ್ಲಿ ಒಂದು ಪಟ್ಟಿ ಗುತ್ತಿಗೆಗೆ ಹಿಡಿದಿದ್ದೆ. ತೆನೆಯ ಕತ್ತು ಸುಟ್ಟಂತೆ ಕಪ್ಪಾಗಿಸುವ ಬೆಂಕಿರೋಗ ತಗಲುವ ರಾಗಿಗೂ ತಗಲದ ರಾಗಿಗೂ ಸಂಬಂಧ ಮಾಡಿಸಿ, ಅವುಗಳ ಮಕ್ಕಳನ್ನು ಸಾಲುಸಾಲಾಗಿ ನೆಡಿಸಿದೆ. ಎಲೆ ಕಿತ್ತು ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಒಯ್ಯುತ್ತಿದ್ದೆ. ಎಲೆಯೊಳಗೆ ರೋಗ ತಗಲದ ಗುರುತು ಸಿಕ್ಕರೆ ತೆನೆ ಬರುವ ತನಕ ಕಾಯಬೇಕಿಲ್ಲ, ಪೈರಿನಲ್ಲೇ ಗಟ್ಟಿಯಾದದ್ದನ್ನು ಆರಿಸಬಹುದು, ಹೊಸ ತಳಿ ಮಾಡುವವರಿಗೆ ವರ್ಷಗಳು ಉಳಿಯುತ್ತವೆ — ನನಗೆ ತಿಳಿಯುವ ಹಾಗೆ ಹೇಳಿದ್ದೆ. ಸತ್ತ ಪೈರಿನ ಜಾಗ ಖಾಲಿಯೇ ಇರಲಿ ಅಂತಲೂ ಹೇಳಿದ್ದೆ. ನಾನದನ್ನು ಮರೆತಿರಲಿಲ್ಲ.

ನಮ್ಮಲ್ಲಿ ನಾಟಿಯ ಹೊಲದಲ್ಲಿ ಸಂದು ಬಿಟ್ಟರೆ ಆ ಮನೆಯ ಹೆಂಗಸು ಸೋಮಾರಿ. ಬದುವಿನ ಮೇಲೆ ನಿಂತು ನಾದಿನಿ ನಕ್ಕಳು. “ಏನತ್ಗೆ, ನಿನ್ ಹೊಲ ಹಲ್ಲುದುರಿದ ಮುದ್ಕಿ ಆಗೈತಲ್ಲ?” ನೀನು ಸೇಲಂಗೆ ಹೋಗಿದ್ದಾಗ, ನನ್ನ ಸಸಿಮಡಿಯಲ್ಲಿ ಮಿಕ್ಕಿದ್ದ ಪೈರು ತಂದು ಸಂದುಗಳನ್ನೆಲ್ಲ ತುಂಬಿದೆ. ಬಾಡಿದ್ದು ಚಿಗುರಿತು ಅಂದುಕೊಂಡು ನೀನು ಹಿಗ್ಗಿದೆ. ಅದರ ಎಲೆಯನ್ನೂ ಕಿತ್ತೆ.

ತೆನೆ ಬಂದಾಗ ಎಲೆಯ ಲೆಕ್ಕಕ್ಕೆ ಯಾವುದೂ ತಾಳೆಯಾಗಲಿಲ್ಲ. ಎಲೆಯಲ್ಲಿ ಗುರುತಿದ್ದ ಸಾಲಿನಲ್ಲೂ ತೆನೆಯ ಕತ್ತು ಕಪ್ಪಾಗಿ ಮುರಿದಿತ್ತು. ನೀನು ನನ್ನ ಜಗುಲಿಗೆ ಬಂದೆ.

“ಅವ್ವಾ, ಬೇರೆ ಪೈರು ಏನಾದ್ರೂ ಸೇರಿಸಿದ್ಯಾ? ಬೈಯಲ್ಲ. ಈಗ ಹೇಳಿದ್ರೂ ಸಾಕು.”

“ಸತ್ಯಮಾ ಇಲ್ಲ ಕಣಮ್ಮ. ನೀನ್ ನೆಡಿಸಿದ್ದೇ ಐತೆ.”

ಬೈಯುವುದಿಲ್ಲ ಎಂದವಳಿಗೆ ಯಾಕೆ ಹೆದರಿದೆ — ಹೆದರಿಕೆಯೂ ಅಲ್ಲ. ಊರವರೆದುರು ನೀನು ನನ್ನನ್ನು ನಂಬಿಗಸ್ತೆ ಎಂದಿದ್ದೆ. ಆ ಮಾತು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ತಳಿ ಮಾಡುವ ದೊಡ್ಡ ಸಾರ್ ಬಂದರು. ಈ ಎಲೆಯ ವಿದ್ಯೆ ನಂಬಿ ಕೆಟ್ಟೆ, ಇನ್ನು ಕಣ್ಣಲ್ಲಿ ನೋಡಿಯೇ ಆರಿಸುತ್ತೇನೆ ಎಂದರು. ನೀನು ತಲೆ ತಗ್ಗಿಸಿದೆ. “ನಾನೇ ಎಲೆ ಪೊಟ್ಟಣ ಅದಲುಬದಲು ಮಾಡಿರ್ಬೇಕು ಸಾರ್.”

ನಾನು ಅಲ್ಲೇ ಇದ್ದೆ. ಕುಡುಗೋಲು ಕೈಯಲ್ಲಿತ್ತು. ಕೊಯ್ಯುತ್ತಲೇ ಇದ್ದೆ.

ಆಮೇಲೆ ನೀನು ಈ ಕಡೆ ಬರಲಿಲ್ಲ. ಆ ಕೆಲಸವನ್ನೇ ಬಿಟ್ಟೆಯಂತೆ.

ನಿನ್ನ ಪೊಟ್ಟಣಗಳು ಸರಿಯಾಗಿಯೇ ಇದ್ದವು. ಕಲಬೆರಕೆ ಆದದ್ದು ಹೊಲದಲ್ಲಿ; ಗುರುತಿದ್ದ ಸಾಲಿನಲ್ಲಿ ಮುರಿದ ತೆನೆ ನನ್ನ ಪೈರಿನದು. ನಿನ್ನದು ಕೈತಪ್ಪು ಎಂದು ಯಾರಾದರೂ ಅಂದರೆ, ಇಲ್ಲವೇ ನೀನೇ ಅಂದುಕೊಂಡರೆ — ನನ್ನ ಹೆಸರು ಹೇಳು. ಮಾರಂಡಹಳ್ಳಿ ಕಡೆಯ ಮುನಿಯಮ್ಮ, ಬೇಡವೆಂದದ್ದನ್ನು ಮಾಡಿದಳು, ಕೇಳಿದಾಗ ಇಲ್ಲವೆಂದಳು ಎಂದು ಹೇಳು.