ದೋಣಿಯ ತಳ ಕೊಯ್ಯಿಸಿದ್ದು

ಯಲಹಂಕದ ನಮ್ಮ ಬಡಾವಣೆಯವರು ಕೆರೆಯ ಕಳೆ ತೆಗೆಯಲು ಒಂದು ಹಳೆಯ ಫೈಬರ್ ದೋಣಿ ಇಟ್ಟುಕೊಂಡಿದ್ದೇವೆ. ಕಳೆದ ಬೇಸಿಗೆಯಲ್ಲಿ ಅದರ ತಳ ಸೀಳಿ ನೀರು ಒಳಬರತೊಡಗಿತು. ರಿಪೇರಿಗೆ ಮನೆಮನೆಯಿಂದ ವಂತಿಗೆ ಎತ್ತಿದವಳು ನಾನೇ. ನಾಗಸಂದ್ರದ ಹತ್ತಿರ ಫೈಬರ್ ಕೆಲಸದ ಶೆಡ್ ಇಟ್ಟಿದ್ದವನೊಬ್ಬ ದೋಣಿಯನ್ನು ತಟ್ಟಿ ನೋಡಿ ಹನ್ನೆರಡು ಸಾವಿರಕ್ಕೆ ಒಪ್ಪಿಕೊಂಡ.

ತರಲು ಹೋದಾಗ ಇಪ್ಪತ್ತೇಳು ಸಾವಿರ ಕೇಳಿದ. ತಳದೊಳಗಿನ ಹಲಗೆಗಳೆಲ್ಲ ಕೊಳೆತಿದ್ದವಂತೆ, ಹೊಸದು ಹಾಕಿ ಮೇಲೆ ಫೈಬರ್ ಮುಚ್ಚಿದ್ದಾನಂತೆ. ಮೊದಲೇ ಒಂದು ಫೋನ್ ಮಾಡಬಾರದಿತ್ತೇ ಎಂದೆ. ಹಳೆಯ ಹಲಗೆ ತೋರಿಸಿ ಎಂದರೆ ಎಸೆದಾಯಿತು ಎಂದ. ಆಮೇಲೆ ನಾನು ಕರೆತಂದಿದ್ದ ಟೆಂಪೊ ಚಾಲಕನ ಕಡೆ ತಿರುಗಿ ನಕ್ಕ.

“ಲೇಡೀಸ್‌ಗೆ ಇದೆಲ್ಲ ಗೊತ್ತಾಗಲ್ಲ ಗುರು. ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳ್ಸೋಕೆ ಹೇಳು.”

ಹುಬ್ಬಳ್ಳಿಯಿಂದ ಬಂದು ವರ್ಷಗಟ್ಟಲೆ ಕಾಲೇಜಿನಲ್ಲಿ ಪಾಠ ಮಾಡಿದವಳು ನಾನು. ಸೀದಾ ಹೋಗಿ ದೋಣಿ ಹತ್ತಿದೆ. ದೋಣಿಯ ಸೀಟಿನ ಕೆಳಗೆ ಕಾಲಿಟ್ಟು ಒತ್ತಿದೆ. ಮೊದಲಿನಂತೆಯೇ ಮೆತ್ತಗಿತ್ತು, ಹೊಸ ಹಲಗೆಯ ಗಟ್ಟಿತನ ಇರಲಿಲ್ಲ. ಅಷ್ಟರಲ್ಲಿ ಅವನು ಫೋನಿನಲ್ಲಿ ಯಾರಿಗೋ, ಶನಿವಾರ ಶಾಲೆಯವರು ಮಕ್ಕಳ ಜಾರುಬಂಡೆಗೆ ಆರ್ಡರ್ ಕೊಡಲು ಬರುತ್ತಾರೆ ಎನ್ನುತ್ತಿದ್ದ. ದುಡ್ಡು ಹೊಂದಿಸಿಕೊಂಡು ನಾನೂ ಶನಿವಾರವೇ ಬರುತ್ತೇನೆ ಎಂದು ಹೇಳಿ ಹೊರಟೆ.

ಆ ವಾರವೆಲ್ಲ ಅವನ ನಗು ಕಿವಿಯಲ್ಲೇ ಇತ್ತು. ಚಪಾತಿ ಲಟ್ಟಿಸುವಾಗಲೂ ಶನಿವಾರ ಆಡಬೇಕಾದ ಮಾತನ್ನೇ ಹೊಂದಿಸುತ್ತಿದ್ದೆ.

ಶನಿವಾರ ಶಾಲೆಯ ಇಬ್ಬರು ಕುರ್ಚಿಯಲ್ಲಿ ಕೂತು ಚಹಾ ಹಿಡಿಯುವವರೆಗೆ ಗೇಟಿನಾಚೆ ಕಾದೆ. ಆಮೇಲೆ ಒಳಹೋಗಿ ನೋಟಿನ ಕಟ್ಟನ್ನು ಮೇಜಿನ ಮೇಲಿಟ್ಟೆ.

“ಪೂರ್ತಿ ರೊಕ್ಕ ಐತ್ರಿ. ತಳಾ ಕೊಯ್ದು ಹೊಸಾ ಹಲಗಿ ತೋರಸ್ರಿ, ತಗೋರಿ. ಮತ್ತ ಮುಚ್ಚೂ ಖರ್ಚೂ ನಾನ ಕೊಡ್ತೀನಿ.”

ಕೊಯ್ದರೆ ದೋಣಿ ಹಾಳಾಗುತ್ತದೆ ಎಂದ. ದೋಣಿ ನಮ್ಮದು ಎಂದೆ. ಶಾಲೆಯವರಲ್ಲಿ ಹಿರಿಯರು ಲೋಟ ಕೆಳಗಿಟ್ಟು, “ತೋರ್ಸಿಬಿಡಿ, ಅದರಲ್ಲೇನಿದೆ?” ಎಂದರು.

ಬೇರೆ ದಾರಿಯಿಲ್ಲದೆ ಅವನು ಹಿಡಿದ ಕಟರ್ ಒಂದು ಗೇಣು ಕೊಯ್ಯುವಷ್ಟರಲ್ಲಿ ಕಪ್ಪು ನೀರು ಒಸರಿತು. ಕೊಳೆತ ವಾಸನೆ ಶೆಡ್ಡೆಲ್ಲ ತುಂಬಿತು. ಬೆರಳು ಹಾಕಿದರೆ ಹಲಗೆ ಹಿಟ್ಟಿನಂತೆ ಕಿತ್ತುಬಂತು. ಅದನ್ನು ಒಯ್ದು ಅವನ ಮೇಜಿನ ಮೇಲೆ ಸುರಿದು, ನನ್ನ ದುಡ್ಡು ಎತ್ತಿಕೊಂಡೆ. ಶಾಲೆಯವರು ಆರ್ಡರ್ ಕೊಡದೆ ಎದ್ದು ಹೋದರು. ಅವರ ಹಿಂದೆ ರಸ್ತೆಯವರೆಗೂ ಓಡಿದ ಅವನನ್ನು ಕಣ್ತುಂಬ ನೋಡಿದೆ.

ಪೈಸೆ ಕೊಡದೆ ದೋಣಿ ಎತ್ತಿಸಿಕೊಂಡು ಬಂದೆ. ಬೇರೆ ಕಡೆ ನಿಜವಾಗಿ ಹಲಗೆ ಬದಲಿಸಿ, ಕೊಯ್ದ ಜಾಗ ಮುಚ್ಚಿಸುವಷ್ಟರಲ್ಲಿ ಅವನು ಕೇಳಿದ್ದಕ್ಕಿಂತ ಹೆಚ್ಚೇ ಆಯಿತು. ವಂತಿಗೆ ಸಾಲದೆ ಉಳಿದದ್ದನ್ನು ನಾನೇ ಹಾಕಿದೆ. ಅಷ್ಟು ಹಟ ಬೇಕಿತ್ತೇ ಎಂದು ಮನೆಯವರು ಕೇಳಿದರು. ಬೇಕಿತ್ತು ಎಂದೆ. ಇವತ್ತಿಗೂ ಆ ಖರ್ಚಿಗೆ ನನ್ನ ಹೊಟ್ಟೆ ಉರಿದಿಲ್ಲ.